ಹಣೆಗಂಟಿದ ಪೀಚ್ ಬಾಟಲಿ

ಶೆನ್ಯಾಂಗಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಾಯ್ಲರ್ ಕಾದ ಗ್ವಾನ್ ತಿಯೆಲಿನ್‌ಗೆ ಉಗಿ, ಒತ್ತಡ, ಶಾಖದ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹೇಳಿದರೂ ಕೇಳುವ ಆಸಾಮಿ ಅವನಲ್ಲ. ಅಂಥವನು ಆ ಭಾನುವಾರ ಬೆಳಿಗ್ಗೆ ಹಣೆಗೆ ಗಾಜಿನ ಬಾಟಲಿ ಅಂಟಿಸಿಕೊಂಡು, ತೆಗೆಯಲಾಗದೆ, ಕನ್ನಡಿಯ ಮುಂದೆ ಬೆಪ್ಪನಂತೆ ನಿಂತಿದ್ದ.

ಹನ್ನೊಂದಕ್ಕೆ ಹೆಣ್ಣು ಬರುವುದಿತ್ತು, ಗಂಡನ್ನು ನೋಡಲು. ಗಂಡಿಗೆ ವಯಸ್ಸು ಅರವತ್ತೆರಡು. ಹೆಂಡತಿ ತೀರಿಕೊಂಡು ಆರು ವರ್ಷ. ಒಬ್ಬನೇ ಬೇಯಿಸಿ ಒಬ್ಬನೇ ತಿಂದು ಬೇಸತ್ತಿದ್ದ. ಈ ಸಂಬಂಧ ಕೂಡಿಬರಲಿ ಎಂದು ನಿಜಕ್ಕೂ ಆಸೆಯಿತ್ತು. ಆ ಆಸೆಗೇ ನಿದ್ದೆ ಬಾರದೆ, ಬೆಳಗಾಗುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

ಆ ಕಡೆಯ ಮನೆಗಳಲ್ಲಿ ಮೈಕೈ ನೋವಿಗಾಗಲಿ ತಲೆನೋವಿಗಾಗಲಿ ಮದ್ದೆಂದರೆ, ಸಕ್ಕರೆ ಪಾಕದ ಪೀಚ್ ಹಣ್ಣು ತಿಂದು ಖಾಲಿಯಾದ ಅಗಲ ಬಾಯಿಯ ಬಾಟಲಿ. ಒಳಗೆ ಕಾಗದದ ಚೂರು ಉರಿಸಿ, ಗಾಳಿ ಕಾದೊಡನೆ ಬೆನ್ನಿಗೆ ಕವುಚಿದರೆ ಆಯಿತು; ಒಳಗಿನ ಗಾಳಿ ಆರುತ್ತ ಕುಗ್ಗುತ್ತದೆ, ಬಾಟಲಿ ಚರ್ಮವನ್ನು ಹೀರಿ ಹಿಡಿಯುತ್ತದೆ. ಆದರೆ ಬೆನ್ನಿಗೆ ಹಚ್ಚಲು ಇನ್ನೊಬ್ಬರ ಕೈ ಬೇಕು. ಇನ್ನೊಬ್ಬರು ಎಲ್ಲಿದ್ದರು? ಗ್ವಾನ್ ಹಣೆಗೇ ಹಚ್ಚಿಕೊಂಡ. ಬಾಯ್ಲರಿನವನಲ್ಲವೇ, ಕೈ ಧಾರಾಳ. ಒಂದು ಚೂರಿನ ಬದಲು ಅರ್ಧ ಹಾಳೆ ಪತ್ರಿಕೆ ಉರಿಸಿದ.

ಬಾಟಲಿ ಉಡದ ಪಟ್ಟು ಹಾಕಿತು. ಎಳೆದ, ಬರಲಿಲ್ಲ. ತಿರುಗಿಸಿದ, ಹುಬ್ಬೂ ಜೊತೆಗೆ ತಿರುಗಿತು. ಆಗ ಮೂವತ್ತೆಂಟು ವರ್ಷದ ಅನುಭವ ನೆರವಿಗೆ ಬಂತು. ಬಾಯ್ಲರ್ ಹಟ ಹಿಡಿದಾಗಲೆಲ್ಲ ಅವನು ಮಾಡುತ್ತಿದ್ದುದು ಒಂದೇ, ತಣ್ಣಗಾಗಿಸುವುದು. ಕಿಟಕಿ ತೆರೆದು, ಮೈನಸ್ ಇಪ್ಪತ್ತರ ಚಳಿಗೆ ತಲೆ ಚಾಚಿದ. ಒಳಗಿನ ಗಾಳಿ ಇನ್ನಷ್ಟು ಕುಗ್ಗಿತು. ಹಣೆಯ ಚರ್ಮ ಬಾಟಲಿಯೊಳಗೆ ಬನ್ನಿನಂತೆ ಉಬ್ಬಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗ್ವಾನ್ ಕಿಟಕಿ ಮುಚ್ಚಿ, ತುಪ್ಪಳದ ಟೊಪ್ಪಿಯನ್ನು ಬಾಟಲಿಯ ಮೇಲೇ ಎಳೆದುಕೊಂಡು ಬಾಗಿಲು ತೆರೆದ.

ಸಂಬಂಧ ತಂದಿದ್ದ ಪಕ್ಕದ ಮನೆಯ ನಿಯು ಅಕ್ಕ ನಿಂತಿದ್ದಳು. ಹಿಂದೆ ಯಾನ್ ಶ್ಯೂಚಿನ್, ಐವತ್ತೆಂಟರ ವಿಧವೆ, ಕೈಯಲ್ಲಿ ಉಡುಗೊರೆಗೆಂದು ತಂದ ಎರಡು ತುಂಬಿದ ಪೀಚ್ ಬಾಟಲಿ.

“ಮನೆಯೊಳಗೆ ಹೀಟರಿನ ಸೆಕೆ ಇಷ್ಟಿದೆ, ಟೊಪ್ಪಿ ಯಾಕೋ?” ಎಂದಳು ನಿಯು ಅಕ್ಕ.

“ನೆಗಡಿ ಅಕ್ಕಾ.”

“ನೆಗಡಿಗೆ ಕೊಂಬು ಬರುತ್ತಾ?”

ಟೊಪ್ಪಿ ಕಿತ್ತೇಬಿಟ್ಟಳು.

“ನನ್ನ ಮಾನ ಕಳೆದ್ಯಲ್ಲೋ! ತೂಕದ ಮನುಷ್ಯ ಅಂತ ಹೇಳಿ ಕರ್ಕೊಂಡು ಬಂದಿದ್ದೆ!”

ಭೂಮಿ ಬಾಯ್ಬಿಡಬಾರದೇ ಎನಿಸಿತು ಗ್ವಾನ್‌ಗೆ. ಮುಗಿಯಿತು, ಇನ್ನು ಸಾಯುವವರೆಗೆ ಒಂಟಿ ತಟ್ಟೆಯೇ ಗತಿ ಎಂದುಕೊಂಡ.

ಶ್ಯೂಚಿನ್ ಮಾತ್ರ ಹತ್ತಿರ ಬಂದು, ಬಗ್ಗಿ, ಬಾಟಲಿಯ ತಳದಲ್ಲಿದ್ದ ಅಚ್ಚಿನ ಅಕ್ಷರ ಓದಿದಳು.

“ಇದು ನಮ್ಮ ಫ್ಯಾಕ್ಟರಿದೇ. ಇಪ್ಪತ್ತಾರು ವರ್ಷ ಇವಕ್ಕೆ ಮುಚ್ಚಳ ಹಾಕಿದೀನಿ. ಬಿಸಿನೀರು ಎಲ್ಲಿದೆ?”

“ಬಿಸಿನಾ? ತಣ್ಣಗೆ ಮಾಡ್ಬೇಕು. ನಾನು ಬಾಯ್ಲರಿನವ್ನು...”

“ಬಾಯ್ಲರ್ ಹೊರಕ್ಕೆ ನೂಕುತ್ತೆ ಕಣ್ರೀ, ಇದು ಒಳಕ್ಕೆ ಎಳೀತಿದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ಆರು ವರ್ಷದಿಂದ ಅವನನ್ನು ಯಾರೂ ಹೀಗೆ ಗದರಿರಲಿಲ್ಲ. ಗ್ವಾನ್ ತೆಪ್ಪಗೆ ಕೂತ. ಕೂತದ್ದು ಹಿತವಾಗಿಯೇ ಇತ್ತು.

ಶ್ಯೂಚಿನ್ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಟಲಿಗೆ ಸುತ್ತಿ ಹಿಡಿದಳು. ಒಳಗಿನ ಗಾಳಿ ಕಾದು ಹಿಗ್ಗಿತು, ಹಿಡಿತ ಸಡಿಲಾಯಿತು. ಅಂಚಿನ ಚರ್ಮವನ್ನು ಬೆರಳಿಂದ ಒತ್ತಿದ್ದೇ ತಡ, ಪುಸ್ ಎಂದು ಬಾಟಲಿ ಅವಳ ಕೈಗೆ ಬಂತು. ಹಣೆಯ ಮೇಲೆ ಬದನೆಕಾಯಿ ಬಣ್ಣದ ದುಂಡನೆಯ ಮುದ್ರೆ ಉಳಿಯಿತು.

“ಹದಿನೈದು ದಿನ ಹೋಗಲ್ಲ ಅದು,” ಎಂದು ನಿಯು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶ್ಯೂಚಿನ್‌ಗೂ ನಗು ತಡೆಯಲಾಗಲಿಲ್ಲ.

ಗ್ವಾನ್ ನೆಲ ನೋಡುತ್ತ ಹೇಳಿದ, “ಬೆನ್ನಿಗೇ ಹಚ್ಚೋದು ಅಂತ ನಂಗೂ ಗೊತ್ತು. ಕೈ ಎಟುಕಲಿಲ್ಲ.”

ಶ್ಯೂಚಿನ್ ನಗು ನಿಲ್ಲಿಸಿದಳು. ಬಾಟಲಿಯನ್ನು ತೊಳೆದು, ಒರೆಸಿ, ತಾನು ತಂದ ಎರಡು ಬಾಟಲಿಗಳ ಪಕ್ಕದಲ್ಲಿ ಇಟ್ಟಳು.

“ಮುಂದಿನ ಭಾನುವಾರದವರೆಗೆ ಇದನ್ನ ಮುಟ್ಬೇಡಿ,” ಎಂದಳು. “ಬೆನ್ನಿಗೆ ನಾನು ಹಚ್ತೀನಿ.”