ದೊಡ್ಡಮ್ಮನ ರಕ್ತ, ಚಿಕ್ಕಮ್ಮನ ರಕ್ತ

ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ದೊಡ್ಡಮ್ಮ ಕೆಳಗೆ ನೋಡಿದಳು. ಆಗಷ್ಟೇ ಒಲೆಯಿಂದ ಹೊರಗೆಳೆದ ಬ್ರೆಡ್ಡಿನ ಟ್ರೇ ಮೇಲೆ ಅವಳ ಎಡಗೈ ಊರಿಕೊಂಡಿತ್ತು. ತಟ್ಟನೆ ಎಳೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಬೆರಳುಗಳ ಮೇಲೆ ಬೊಬ್ಬೆ ಏಳುತ್ತಿತ್ತು. ನೋವು ಮಾತ್ರ ಎಲ್ಲೋ ದೂರದಲ್ಲಿ, ಪಕ್ಕದ ಮನೆಯವರ ಜಗಳದ ಹಾಗೆ ಕೇಳಿಯೂ ಕೇಳದಂತಿತ್ತು.

ವಾಸನೆಗೆ ಅಂಗಡಿಯ ಮುಂಭಾಗದಿಂದ ಚಿಕ್ಕಮ್ಮ ಓಡಿ ಬಂದಳು. ಕೈ ನೋಡಿದಳು, ಆಮೇಲೆ ದೊಡ್ಡಮ್ಮನ ಬಾಯಿ ನೋಡಿದಳು.

"ಏನು ತಿಂದೆ?"

"ಕೈ ಸುಟ್ಟಿದೆ ಕಣೇ."

"ಕಾಣ್ತಿದೆ. ಕದ್ದು ತಿನ್ನೋರಿಗೆ ಕೈಕಾಲು ಹೀಗೇ ಮರಗಟ್ಟೋದು. ಬಾಯಿ ತೆಗಿ, ನೋಡೋಣ."

ಅವರಿಬ್ಬರೂ ವಾರಗಿತ್ತಿಯರು. ಬೇಕರಿ ಅವರ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ ಸೇರಿ ಕಟ್ಟಿದ್ದು. ಅಣ್ಣ ತೀರಿಕೊಂಡ ಮೇಲೂ ಅವನ ಹೆಂಡತಿ ಒಲೆ ಬಿಡಲಿಲ್ಲ. ವ್ಯಾನಿನಲ್ಲಿ ಬ್ರೆಡ್ಡು ಹಂಚುತ್ತಿದ್ದವನು ತಮ್ಮ, ಅವನ ಹೆಂಡತಿ ಗಲ್ಲಾದ ಹಿಂದೆ ಕೂರುತ್ತಿದ್ದಳು. ಗಿರಾಕಿಗಳ ಮಕ್ಕಳು ಕರೆದೂ ಕರೆದೂ ಒಬ್ಬಳು ಬೀದಿಗೆಲ್ಲ ದೊಡ್ಡಮ್ಮ, ಇನ್ನೊಬ್ಬಳು ಚಿಕ್ಕಮ್ಮ ಆಗಿಬಿಟ್ಟಿದ್ದರು. ಒಲೆಯ ಜಾಗದಲ್ಲಿ ದೊಡ್ಡ ಯಂತ್ರ ತಂದಿಟ್ಟು, ಕೂಲಿಯವನೊಬ್ಬನನ್ನು ನಿಲ್ಲಿಸಿ, ದೊಡ್ಡಮ್ಮನನ್ನು ಮನೆಯ ಮೂಲೆಗೆ ಸೇರಿಸಬೇಕು ಎಂಬುದು ಚಿಕ್ಕಮ್ಮನ ಬಹುಕಾಲದ ಆಸೆ. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಆದ್ದರಿಂದಲೇ ಜ್ವರ ಬಂದ ದಿನವೂ ಅವಳು ಒಲೆಯ ಮುಂದೆ ನಿಲ್ಲುತ್ತಿದ್ದಳು.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮಾತ್ರೆ ಒಂದು ಹೊತ್ತೂ ತಪ್ಪಿಸಿದವಳಲ್ಲ. ಕ್ರೀಮಿನ ರುಚಿ ನೋಡಬೇಕಾದರೆ ಚಮಚದ ತುದಿಯನ್ನು ನಾಲಿಗೆಗೆ ತಾಗಿಸಿ ಉಗಿದುಬಿಡುತ್ತಿದ್ದಳು. ಆದರೂ ಕಳೆದ ಚಳಿಗಾಲದಿಂದ ಪಾದಗಳು ಜೋಮು ಹಿಡಿದು, ಹತ್ತಿಯ ಮೇಲೆ ನಡೆದಂತಾಗುತ್ತಿತ್ತು. ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಎರಡೆರಡು ಸಲ ಹಾಕುತ್ತಿದ್ದಳು. ಹುಟ್ಟುಹಬ್ಬದ ಕೇಕೊಂದರ ಮೇಲೆ ಬೇರೆ ಯಾರದೋ ಮಗುವಿನ ಹೆಸರು ಬರೆದು ಆ ಮನೆಯವರಿಂದ ಬೈಸಿಕೊಂಡಿದ್ದೂ ಆಗಿತ್ತು. ಬೀದಿ ತುದಿಯ ಹಳೆಯ ಡಾಕ್ಟರು, "ಸಕ್ಕರೆ ಇರೋರಿಗೆ ಇದೆಲ್ಲ ಇದ್ದದ್ದೇ. ಬಾಯಿ ಕಟ್ಟಿ" ಎಂದು ಕಳಿಸಿದ್ದರು.

ಆ 'ಬಾಯಿ ಕಟ್ಟಿ' ಚಿಕ್ಕಮ್ಮನ ಕಿವಿಗೆ ಬಿದ್ದದ್ದೇ ತಡ, ಸಕ್ಕರೆ ಡಬ್ಬಕ್ಕೆ ಬೀಗ ಬಿತ್ತು. ಕೆಲಸಕ್ಕೆ ಬೇಕಾದಷ್ಟನ್ನು ತಾನೇ ಅಳೆದು, ತೊಟ್ಟಿಗೆ ಸುರಿಯುವ ತನಕ ಪಕ್ಕದಲ್ಲೇ ನಿಂತಿರುತ್ತಿದ್ದಳು. ಕೇಕು ಸಣ್ಣದಾಯಿತಲ್ಲ ಎಂದು ಯಾರಾದರೂ ಗೊಣಗಿದರೆ, "ಒಳಗೊಂದು ಇಲಿ ಇದೆ ನೋಡಿ. ಏಪ್ರನ್ ಕಟ್ಕೊಂಡಿರುತ್ತೆ" ಎನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಹಲಗೆಯ ಗೋಡೆಯ ಆಚೆಯಿಂದ ದೊಡ್ಡಮ್ಮ ಆ ನಗುವನ್ನು ಕೇಳುತ್ತ ಹಿಟ್ಟನ್ನು ಗುದ್ದುತ್ತಿದ್ದಳು.

ಈಗ ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತವಳ ಮುಂದೆ ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟಳು.

"ನಡಿ ದೊಡ್ಡ ಆಸ್ಪತ್ರೆಗೆ. ಇರೋ ಬರೋ ಟೆಸ್ಟೆಲ್ಲ ಮಾಡಿಸ್ತೀನಿ. ನಿನ್ನ ಬಣ್ಣ ಬಯಲಾಗ್ಲಿ."

"ನಡಿ. ಯಾರ ಬಣ್ಣ ಯಾವುದು ನೋಡೇಬಿಡೋಣ."

ಮೈದುನ ವ್ಯಾನು ತಂದ. ಇಬ್ಬರೂ ಹಿಂದುಗಡೆ, ಖಾಲಿ ಕ್ರೇಟುಗಳ ನಡುವೆ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತರು.

ಆಸ್ಪತ್ರೆಯ ಡಾಕ್ಟರು ಗೊಗ್ಗರು ದನಿಯ ಹೆಂಗಸು. ಸುಟ್ಟ ಕೈಗೆ ಪಟ್ಟಿ ಹಾಕಿಸಿ, ಸಕ್ಕರೆಯ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ಓದಿ ಹುಬ್ಬೇರಿಸಿದರು. "ಇಷ್ಟು ಚೆನ್ನಾಗಿ ಹಿಡಿತದಲ್ಲಿ ಇಟ್ಕೊಂಡಿರೋರು ನನ್ನ ಹತ್ರ ಬರೋದೇ ಅಪರೂಪ."

"ನಿಮ್ಮ ಮಿಷನ್ನು ಕೆಟ್ಟಿರ್ಬೇಕು," ಎಂದಳು ಚಿಕ್ಕಮ್ಮ. "ಇವಳು ನಿನ್ನೆಯಿಂದ ಉಪವಾಸ ಇದ್ದು ಬಂದಿರ್ತಾಳೆ."

"ಇದು ಮೂರು ತಿಂಗಳ ಸರಾಸರಿ. ಒಂದು ದಿನ ಉಪವಾಸ ಮಾಡಿ ಇದನ್ನ ಏಮಾರಿಸೋಕಾಗಲ್ಲ."

ಡಾಕ್ಟರು ದೊಡ್ಡಮ್ಮನ ಪಾದಕ್ಕೆ ತೆಳ್ಳನೆಯ ಎಳೆಯೊಂದನ್ನು ತಾಗಿಸುತ್ತ ಹೋದರು. ಎಲ್ಲಿ ತಾಗಿಸಿದರೂ ದೊಡ್ಡಮ್ಮನಿಗೆ ತಿಳಿಯಲಿಲ್ಲ. ಯಾವ ಮಾತ್ರೆ, ಎಷ್ಟು ವರ್ಷದಿಂದ, ಹಾಲು ಮೊಟ್ಟೆ ಏನಾದರೂ ತಿನ್ನುತ್ತೀರಾ ಎಂದೆಲ್ಲ ಕೇಳಿ, ಬಿ ಹನ್ನೆರಡು ವಿಟಮಿನ್ ಮತ್ತು ಹೋಮೋಸಿಸ್ಟೀನ್ ನೋಡಬೇಕೆಂದು ಚೀಟಿ ಬರೆದರು.

"ಅದೇನು, ಕದ್ದು ತಿನ್ನೋರನ್ನ ಹಿಡಿಯೋ ಟೆಸ್ಟಾ?" ಎಂದಳು ಚಿಕ್ಕಮ್ಮ.

ದೊಡ್ಡಮ್ಮನ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು. "ಇವಳ ರಕ್ತಾನೂ ತಗೊಳ್ಳಿ ಡಾಕ್ಟ್ರೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ."

"ತಗೊಳ್ಳಿ!" ಚಿಕ್ಕಮ್ಮ ರವಿಕೆಯ ತೋಳನ್ನು ಮೇಲೆ ಸರಿಸಿ ಕೈ ಚಾಚಿದಳು. "ನಂಗೇನು ಭಯ? ನಂದು ಹಾಲಿನಂಥ ರಕ್ತ."

ಕೆಲವು ದಿನ ಬಿಟ್ಟು ಮೂವರೂ ಮತ್ತೆ ಹೋದರು. ಡಾಕ್ಟರು ದೊಡ್ಡಮ್ಮನ ಕಡೆಗೇ ತಿರುಗಿ ಮಾತಾಡಿದರು.

"ನಿಮ್ಮ ಮೈಯಲ್ಲಿ ಬಿ ಹನ್ನೆರಡು ತಳ ಕಂಡಿದೆ. ಈ ಸಕ್ಕರೆ ಮಾತ್ರೆನ ವರ್ಷಗಟ್ಟಲೆ ತಗೊಳ್ಳೋರಲ್ಲಿ ಕೆಲವರಿಗೆ ಹೀಗಾಗುತ್ತೆ. ಹೋಮೋಸಿಸ್ಟೀನ್ ಅನ್ನೋದು ಮೈ ತನ್ನ ಕೆಲಸ ಮಾಡ್ವಾಗ ರಕ್ತದಲ್ಲಿ ಹುಟ್ಟೋ ಒಂದು ವಸ್ತು. ಅದನ್ನ ಆಗಾಗ ಖಾಲಿ ಮಾಡೋಕೆ ಈ ವಿಟಮಿನ್ ಬೇಕು. ವಿಟಮಿನ್ ಇಲ್ದೆ ಅದು ನಿಮ್ಮಲ್ಲಿ ಗುಡ್ಡೆ ಬಿದ್ದಿದೆ. ಜೋಮು, ಮರೆವು ಎರಡಕ್ಕೂ ಈ ಕೊರತೇನೇ ಕಾರಣ ಇರ್ಬಹುದು. ಸಕ್ಕರೆ ಮಾತ್ರೆ ನಿಲ್ಲಿಸ್ಬೇಡಿ. ಇಂಜೆಕ್ಷನ್ ಕೊಡ್ತೀನಿ."

"ಹಾಗಾದ್ರೆ ನಾನು ತಿಂದಿದ್ದಕ್ಕಲ್ಲ," ಎಂದಳು ದೊಡ್ಡಮ್ಮ.

"ಅಲ್ಲ."

"ಇನ್ನೊಂದು ಸಲ ಹೇಳಿ. ಇವಳಿಗೆ ಕೇಳಿಸ್ಲಿ."

ಡಾಕ್ಟರು ಅದನ್ನು ಹೇಳದೆ ಎರಡನೆಯ ಹಾಳೆ ತೆಗೆದರು. "ಈಗ ನಿಮ್ದು. ನಿಮ್ಮ ಸಕ್ಕರೆ ಗಡಿ ಮೇಲೆ ನಿಂತಿದೆ. ಇನ್ನೂ ಕಾಯಿಲೆ ಅಲ್ಲ, ಆದ್ರೆ ಆ ಕಡೆಗೇ ಹೊರಟಿದೆ. ಹೋಮೋಸಿಸ್ಟೀನ್ ನಿಮ್ದೂ ಜಾಸ್ತಿ ಇದೆ."

ಚಿಕ್ಕಮ್ಮನ ಮುಖ ಬಿಳಚಿತು. "ನಾನು ಯಾವ ಮಾತ್ರೇನೂ ತಗೊಳ್ಳಲ್ವಲ್ಲ!"

"ಅದಕ್ಕೆ ಕಾರಣ ಒಂದೇ ಅಲ್ಲ. ಮೂತ್ರಪಿಂಡ, ಥೈರಾಯ್ಡು, ತರಕಾರಿ ಸೊಪ್ಪು ತಿನ್ನದೇ ಇರೋದು, ಹೀಗೆ ಎಷ್ಟೋ ಇವೆ. ಸಕ್ಕರೆ ಏರ್ತಾ ಹೋದವರಲ್ಲಿ ಇದೂ ಏರಿರೋದನ್ನ ಕೆಲವು ಕಡೆ ಕಂಡಿದ್ದಾರೆ, ಕೆಲವು ಕಡೆ ಕಂಡಿಲ್ಲ. ಯಾವುದು ಯಾವುದನ್ನ ಎಳೀತಿದೆ ಅಂತ ನಾನು ಎದೆ ತಟ್ಟಿ ಹೇಳಲ್ಲ. ಆದ್ರೆ ಎರಡೂ ಒಟ್ಟಿಗೆ ಮೇಲಿದ್ರೆ ಹೃದಯಕ್ಕೆ ಒಳ್ಳೇದಲ್ಲ ಅನ್ನೋ ಅನುಮಾನ ಇದೆ. ರಾತ್ರಿ ಊಟಕ್ಕೆ ಏನು ತಿಂತೀರಿ?"

ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮನ ಗಂಡ, ಅಷ್ಟು ದಿನದಲ್ಲಿ ಮೊದಲ ಸಲ, ಬಾಯಿ ಬಿಟ್ಟ. "ಅಂಗಡಿ ಮುಚ್ಚೋ ಹೊತ್ತಿಗೆ ಉಳಿದ ಕೇಕೆಲ್ಲ ಇವಳ ಪಾಲಿಗೇ ಡಾಕ್ಟ್ರೇ. ಊಟದ ಸುದ್ದೀನೇ ಇಲ್ಲ."

"ನೀವು ಸುಮ್ನಿರ್ರೀ! ಉಳಿದಿದ್ದನ್ನ ಎಸೆಯೋಕಾಗುತ್ತಾ?"

ದೊಡ್ಡಮ್ಮ ನಕ್ಕಳು. ಆ ನಗೆಯಲ್ಲಿ ಕನಿಕರದ ಎಳೆಯೂ ಇರಲಿಲ್ಲ.

ವ್ಯಾನಿನಲ್ಲಿ ಅವಳು ಒಂದೇ ಮಾತು ಕೇಳಿದಳು. "ನನ್ನ ಬಗ್ಗೆ ಹೇಳಿದ್ದು ಸುಳ್ಳು ಅಂತ ಗಿರಾಕಿಗಳ ಮುಂದೆ ಒಪ್ಕೋತೀಯಾ?"

"ಒಪ್ಕೊಳ್ಳೋದಾ? ಆಸ್ಪತ್ರೆಗೆ ಕರ್ಕೊಂಡು ಬಂದಿದ್ದು ಯಾರು? ನಾನು ಬೈದಿದ್ದಕ್ಕೇ ನಿನ್ನ ರೋಗ ಗೊತ್ತಾಗಿದ್ದು. ಕೈ ಮುಗೀಬೇಕು ನೀನು ನಂಗೆ."

ಮರುದಿನ ಬೆಳಿಗ್ಗೆ ಅಂಗಡಿ ತುಂಬಿದ್ದಾಗ ದೊಡ್ಡಮ್ಮ ಪಟ್ಟಿ ಕಟ್ಟಿದ ಕೈಯೊಂದಿಗೆ ಹೊರಗೆ ಬಂದು ಗಲ್ಲಾದ ಪಕ್ಕ ನಿಂತಳು. "ಇವಳು ಹೇಳ್ತಿದ್ದ ಇಲಿ ಸಿಕ್ಕಿದೆ," ಎಂದಳು, ಎಲ್ಲರಿಗೂ ಕೇಳುವಂತೆ. "ಆಸ್ಪತ್ರೇಲಿ ರಕ್ತ ತೆಗೆದು ಹಿಡಿದ್ರು. ಅದು ಏಪ್ರನ್ ಕಟ್ಟಲ್ಲ. ಇಲ್ಲೇ, ಈ ಕುರ್ಚಿ ಮೇಲೆ ಕೂರುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಮ್ಮ ಚಿಲ್ಲರೆ ಎಣಿಸುತ್ತಿದ್ದವಳು ತಲೆ ಎತ್ತಲಿಲ್ಲ, ಕುತ್ತಿಗೆಯವರೆಗೂ ಕೆಂಪಾದಳು. ಅಷ್ಟು ಜನರೆದುರು ಹಾಗೆ ಅಂದದ್ದು ಹೆಚ್ಚಾಯಿತು ಎಂದು ಮೈದುನ ಆಮೇಲೆ ಹೇಳಿದ. ದೊಡ್ಡಮ್ಮನಿಗೆ ಹಾಗನ್ನಿಸಲಿಲ್ಲ. ಅವಳಿಗೆ ಅಂದು ಚೆನ್ನಾಗಿ ಹಸಿವಾಯಿತು.

ಮಾತು ಅಲ್ಲಿಗೆ ಕಡಿದುಬಿತ್ತು. ಹೇಳಬೇಕಾದದ್ದನ್ನೆಲ್ಲ ಮೈದುನನ ಮೂಲಕ ಹೇಳಿ ಕಳಿಸುತ್ತಿದ್ದರು, ಆಚೆ ಈಚೆ ನಡೆದೂ ನಡೆದೂ ಅವನು ಸೊರಗಿದ. ಇಂಜೆಕ್ಷನ್ ಕೆಲಸ ಮಾಡತೊಡಗಿತು. ಒಂದು ಬೆಳಿಗ್ಗೆ ಒಲೆಮನೆಯ ನೆಲ ಪಾದಕ್ಕೆ ತಣ್ಣಗೆ ತಾಗಿದಾಗ ದೊಡ್ಡಮ್ಮ ಚಪ್ಪಲಿ ಬಿಟ್ಟು ಕೋಣೆಯ ಉದ್ದಕ್ಕೂ ಬರಿಗಾಲಲ್ಲಿ ಓಡಾಡಿದಳು. ಮರೆವು ತಗ್ಗಿತು. ಎಡಗೈಯ ಎರಡು ಬೆರಳುಗಳಿಗೆ ಮಾತ್ರ ಜೀವ ಮರಳಲಿಲ್ಲ. ಇನ್ನೂ ಮೊದಲೇ ಬಂದಿದ್ದರೆ ಮರಳುತ್ತಿತ್ತೇನೋ ಎಂದರು ಡಾಕ್ಟರು. ಆ ಮಾತನ್ನು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಚಿಕ್ಕಮ್ಮ ಮರುಪರೀಕ್ಷೆಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬಾಯಾರಿಕೆ ತಡೆಯಲಾರದೆ ಗಲ್ಲಾದ ಹಿಂದೆ ಬಾಟಲಿ ಮೇಲೆ ಬಾಟಲಿ ನೀರು ಕುಡಿಯತೊಡಗಿದಳು. ಗಂಡ ಬಲವಂತದಿಂದ ರಕ್ತ ಕೊಡಿಸಿಕೊಂಡು ಬಂದ. ಸಕ್ಕರೆ ಗಡಿ ದಾಟಿತ್ತು.

ಅತ್ತಿಗೆಯನ್ನು ಆಸ್ಪತ್ರೆಗೆ ಜೊತೆಗೆ ಕರೆಯಲು ಅವನೇ ಒಲೆಮನೆಗೆ ಬಂದ. "ಅವಳೇ ಬಂದು ಕೇಳ್ಲಿ," ಎಂದಳು ದೊಡ್ಡಮ್ಮ.

ಸಂಜೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ.

"ಆ ಡಾಕ್ಟ್ರು ನನ್ನ ನೋಡಿ ನಗ್ತಾರಾ?"

"ನಗ್ಬಹುದು. ನಾನಾಗಿದ್ರೆ ನಗ್ತಿದ್ದೆ."

"ಕಾಲಿನ ಜೋಮು... ಮೊದಲು ಹೇಗಿರುತ್ತೆ?"

ದೊಡ್ಡಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿ ಅವಳ ಪಾದಗಳನ್ನು ನೋಡಿದಳು. ಊದಿಕೊಂಡಿದ್ದವು.

"ನಾಳೆ ಬೆಳಿಗ್ಗೆ ನಾನು ಹೋಗ್ತಿದ್ದೀನಿ. ಬರೋದಾದ್ರೆ ಬಾ. ಏನೂ ತಿನ್ಬೇಡ, ಬರಿ ನೀರು ಕುಡಿ," ಎಂದಳು. "ಮತ್ತೆ ದಾರೀಲಿ ನನ್ನ ಹತ್ರ ಮಾತಾಡ್ಬೇಡ."