ಮುದಗಲ್ ಕಡೆ ಮುಖ

ಶೇಖರಮ್ಮ ಊದಲು ಬಂದ ಪೀರ್‌ಸಾಬನ ಕೈಯಿಂದ ಸನಾದಿಯನ್ನು ಕಿತ್ತುಕೊಂಡು, ಸಂದೂಕದೊಳಗೆ ಒಗೆದು, ಮುಚ್ಚಳದ ಮೇಲೆ ತಾನೇ ಕುಳಿತುಬಿಟ್ಟಳು. ಆ ಮುಚ್ಚಳ ಬಿದ್ದ ಸದ್ದಿಗೆ ಮಸ್ಕಿ ಗುಡ್ಡದ ಮಂಗಗಳೆಲ್ಲ ಊರು ಬಿಟ್ಟು ಓಡಿದವು. ಸುಳ್ಳೆನಿಸಿದರೆ ಮಂಗಗಳನ್ನೇ ಕೇಳಿ.

"ಹಲಗಿ ಬಾರಿಸ್ರಿ, ತಾಳ ಕುಟ್ರಿ, ಬೇಕಾದ್ರ ನನ್ನ ತಲಿ ಮ್ಯಾಲೇ ಕುಟ್ರಿ. ಇದೊಂದು ಊದಬ್ಯಾಡ್ರಿ."

ಎದುರಿಗೆ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಅವಳ ಗಂಡ, ಬೆಲ್ಲದಂಗಡಿ ಆದೆಪ್ಪ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಸುಮ್ಮನಿದ್ದ. ನಸುಕಿನಲ್ಲಿ ಸತ್ತಿದ್ದರೂ ತಕ್ಕಡಿ ಹಿಡಿಯುವಾಗಿನ ಗತ್ತು ಮುಖ ಬಿಟ್ಟಿರಲಿಲ್ಲ.

ಸಿಂಧನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಮೈದುನ ಮರಿಸ್ವಾಮಿ ಬೆವರು ಒರೆಸಿಕೊಂಡ. "ಅತ್ತಿಗಿ, ಲಿಂಗಸುಗೂರಿಗೆ ಆಳು ಕಳಿಸಿ ಕರಿಸೇನಿ ಪೀರ್‌ಸಾಬನ್ನ. ಸನಾದಿ ಇಲ್ದ ನಮ್ಮ ಮನಿತನದಾಗ ಯಾರೂ ಹೋಗಿಲ್ಲ. ನಮ್ಮ ಎತ್ತು ಸತ್ತಾಗೂ ಊದಿಸೀವಿ."

"ನಿಮ್ಮ ಎತ್ತಿಗೆ ಹಿಂದಿನ ಜಲ್ಮದ ಹೆಂಡ್ತಿ ಇರ್ಲಿಲ್ಲ."

ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳು ತಡೆಯಲಿಕ್ಕೋ ನಗು ತಡೆಯಲಿಕ್ಕೋ, ಶಿವನೇ ಬಲ್ಲ.

* * *

ಅದು ಶುರುವಾದದ್ದು ಅವರ ಮದುವೆಯ ದಿನವೇ, ಅಕ್ಕಿಕಾಳು ಬೀಳುವ ಹೊತ್ತಿಗೆ. ಸನಾದಿ ಎದ್ದಿತು, ಮದುಮಗ ಅಳತೊಡಗಿದ. ಎಷ್ಟು ಅತ್ತನೆಂದರೆ ಮಡಿಲಲ್ಲಿ ಬಿದ್ದ ಅಕ್ಕಿ ನೆನೆದು ರುಬ್ಬಲಿಕ್ಕೆ ಬಂದಿತ್ತು.

"ಮುದಗಲ್ ಕೋಟಿ ಕೆಳಗ ನೀಲಿ ಬಾಗಿಲ ಮನಿ" ಎಂದು ಬಾಸಿಂಗ ಕಟ್ಟಿಕೊಂಡವನು ಹೊಸ ಹೆಂಡತಿಯ ಕಿವಿಯಲ್ಲೇ ಹೇಳಿದ. "ಅಂಗಳದಾಗ ದಾಳಿಂಬ್ರ ಗಿಡ. ನನ್ನ ಹೆಂಡ್ತಿ ಗಂಗವ್ವ ಶೇಂಗಾ ಹುರಿಯೂಮುಂದ ತನ್ನಷ್ಟಕ್ಕ ತಾನ ನಗ್ತಿದ್ಲು. ಎಲ್ಲಾ ಕಣ್ಣಾಗ ಕಟ್ಟೇತಿ."

ಆಮೇಲೆ ಯಾರ ಮನೆಯ ಮದುವೆಯಾಗಲಿ, ಸನಾದಿ ಕೇಳಿದರೆ ಮುಗಿಯಿತು. ತಕ್ಕಡಿ ಕೆಳಗಿಟ್ಟು ಆದೆಪ್ಪ ಮುದಗಲ್‌ಗೆ ಹೋಗಿಬಿಡುತ್ತಿದ್ದ, ಕುಳಿತಲ್ಲಿಂದಲೇ. ಬೆಲ್ಲಕ್ಕೆ ನೊಣ ಮುತ್ತಿ, ಪೆಂಟೆಗೆ ಪೆಂಟೆಯೇ ರೆಕ್ಕೆ ಬಂದು ಹಾರಿಹೋಗುತ್ತಿತ್ತು. ಶೇಖರಮ್ಮ ಒಮ್ಮೆ ಶೇಂಗಾ ಹುರಿಯುತ್ತ ತಾನೂ ನಕ್ಕು ನೋಡಿದಳು. ಅವನು ಕತ್ತು ಓರೆಮಾಡಿ ನೋಡಿದ.

"ಹಂಗಲ್ಲ" ಅಂದ.

ರಜಾಕಾರರ ಗದ್ದಲ ಅಡಗಿದ ಮರುವರ್ಷ ಅವಳು ರೊಟ್ಟಿ ಬುತ್ತಿ ಕಟ್ಟಿಕೊಂಡು ಅವನನ್ನು ಮುದಗಲ್‌ಗೇ ಎಳೆದುಕೊಂಡು ಹೋದಳು. ಇವತ್ತು ಇದರ ತಾಯಿಬೇರು ಕಿತ್ತೇ ಬರಬೇಕು ಅಂತ. ಕೋಟೆಯ ಕೆಳಗೆ ನೋಡಿದರೆ ಎಲ್ಲ ಬಾಗಿಲೂ ನೀಲಿ! ಅರ್ಧ ಊರನ್ನೇ ತಟ್ಟಿ ಎಬ್ಬಿಸಿದರು. ಅಷ್ಟು ಮನೆಯ ನೀರು ಕುಡಿದು ಹೊಟ್ಟೆ ಕೆರೆಯಾಯಿತೇ ಹೊರತು ದಾಳಿಂಬರ ಗಿಡ ಸಿಗಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕೇಳಿಯೇಬಿಟ್ಟಳು. "ಆ ಜಲ್ಮದಾಗ ನಾ ಎಲ್ಲಿದ್ನಿರೀ? ನೆರಿಮನಿಯಾಕಿ? ನೀರು ತರಾಕಿ? ಎಮ್ಮಿನಾದ್ರೂ ಆಗಿದ್ನೇನು?"

ಆದೆಪ್ಪ ಕಣ್ಣು ಮುಚ್ಚಿ, ಪ್ರಾಮಾಣಿಕವಾಗಿ ಹುಡುಕಿದ. ಲಿಂಗಸುಗೂರು ಬರುವತನಕ ಹುಡುಕಿದ.

"ನೀ ಕಾಣವಲ್ಲಿ" ಅಂದ.

* * *

"ಯವ್ವಾ, ಹೊತ್ತು ಏರಾಕತ್ತೇತಿ" ಎಂದರು ಮಠದ ಕರಿಬಸಯ್ಯನವರು. "ಲಿಂಗೈಕ್ಯ ಆದವ್ಗ ಹಿಂದಿನ ಜಲ್ಮಾನೂ ಇಲ್ಲ, ಮುಂದಿಂದೂ ಇಲ್ಲ."

"ಅದನ್ನ ಅವ್ರಿಗೆ ಹೇಳ್ರಿ ಅಯ್ಯಾರ. ನಾ ಹೇಳಿ ಹೇಳಿ ನಾಲಿಗಿ ಸವದೇತಿ. ಇವತ್ತೊಂದಿನ ಅವ್ರು ನನ್ನ ಮನಿಯಿಂದ ಹೋಗ್ಲಿ. ಆಕಿ ಮನಿಯಿಂದಲ್ಲ."

ಪೀರ್‌ಸಾಬ ಕೈಕಟ್ಟಿ ನಿಂತಿದ್ದ. "ಅವ್ವಾ, ಬ್ಯಾರೆ ಧಾಟಿ ಊದ್ತೀನಿ."

"ಅವ್ರು ಅಳದಂಥಾದ್ದು ಯಾವ್ದಾರ ಐತೇನು?"

ಪೀರ್‌ಸಾಬ ಬೆರಳು ಮಡಿಚಿ ಒಂದೊಂದೇ ಧಾಟಿ ಎಣಿಸಿ ನೋಡಿದ. "ಇಲ್ಲವ್ವ. ಸುಮ್ನ ಗಾಳಿ ಹಾಕಿ ನೋಡಿದ್ರೂ ಅಳ್ತಿದ್ರು."

"ಗಾಳಿಗೂ ಅಳಾವ್ರಿಗೆ ಏನ್ ಮಾಡೂದು, ತಗೋ" ಎಂದು ಶೇಖರಮ್ಮ ಸಂದೂಕದಿಂದ ಎದ್ದು, ಮುಚ್ಚಳ ತೆಗೆದು ಸನಾದಿ ಅವನ ಕೈಗಿಟ್ಟಳು. ಇಡೀ ಮನೆ ಅವಳೊಂದಿಗೆ ಎದ್ದಂತಾಯಿತು.

ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿ, ತಲೆ ಜೋಲದಂತೆ ಹಿಂಬದಿಯ ಗಳಕ್ಕೆ ಅರಿವೆ ಕಟ್ಟಿ, ಆದೆಪ್ಪನನ್ನು ಹೊತ್ತರು. ಸನಾದಿ ಮುಂದೆ, ಭಜನೆ ಹಿಂದೆ, ಹೆಂಗಸರು ಎಲ್ಲರ ಹಿಂದೆ. ಲಿಂಗಸುಗೂರು ರಸ್ತೆ ಕೂಡುವ ಮೂಲೆಯಲ್ಲಿ, ಬಲಕ್ಕೆ ಹೂಳುವ ಹೊಲ, ಎಡಕ್ಕೆ ಮುದಗಲ್ ದಾರಿ, ಅಲ್ಲೇ ಹೊತ್ತವನೊಬ್ಬನ ಕಾಲು ತಗ್ಗಿಗೆ ಬಿತ್ತು. ಅರಿವೆ ಸಡಿಲಿತು. ಆದೆಪ್ಪನ ಮುಖ ಮೆಲ್ಲಗೆ ಎಡಕ್ಕೆ ಹೊರಳಿತು.

ಸನಾದಿ ನಿಂತಿತು. ಗಾಳಿಯೂ ನಿಂತಿತು.

"ಇಳಸ್ರಿ!" ಜನರನ್ನು ಸೀಳಿಕೊಂಡು ಶೇಖರಮ್ಮ ಬಂದಳು.

"ನಡುದಾರ್ಯಾಗ ಇಳಸಬಾರ್ದು, ಅತ್ತಿಗಿ."

"ಹಂಗಾದ್ರ ತಗ್ಗಿಸಿ ಹಿಡೀರಿ."

ತಗ್ಗಿಸಿ ಹಿಡಿದರು. ಅವಳು ಗಂಡನ ಗದ್ದ ಹಿಡಿದು ಮುಖವನ್ನು ನೇರ ಮಾಡಿದಳು. ಕೈ ಬಿಟ್ಟಳು. ಮುಖ ಮತ್ತೆ ಮುದಗಲ್ ಕಡೆ. ಮತ್ತೆ ತಿರುಗಿಸಿದಳು. ಮತ್ತೆ ಮುದಗಲ್.

"ಅರಿವಿ ಬಿಗೀತೀನಿ, ಸರಕೋರಿ" ಅಂದ ಮರಿಸ್ವಾಮಿ.

"ಮುಟ್ಟಬ್ಯಾಡ." ಮೂರನೆಯ ಸಲ ಹಿಡಿದ ಗದ್ದವನ್ನು ಅವಳು ಬಿಡಲಿಲ್ಲ. "ಪೀರ್‌ಸಾಬಣ್ಣ, ಯಾಕ ನಿಂತಿ? ಊದು. ಜೋರ ಊದು."

ಸನಾದಿ ಎದ್ದಿತು. ತಗ್ಗಿಸಿ ಹಿಡಿದಂತೆಯೇ ವಿಮಾನ ಬಲಕ್ಕೆ ಹೊರಳಿತು. ಶೇಖರಮ್ಮ ಅದರ ಮುಂದೆ ಹಿಮ್ಮುಖವಾಗಿ ನಡೆದಳು, ಕಲ್ಲಿಗೆ ಎಡವುತ್ತ, ಸೆರಗು ಜಾರಿದರೂ ಲೆಕ್ಕಿಸದೆ, ಗಂಡನ ಮುಖವನ್ನು ತನ್ನ ಮುಖಕ್ಕೆ ನೇರ ಹಿಡಿದುಕೊಂಡು. ಅವಳ ಬೆನ್ನ ಹಿಂದೆ, ಹೊಸದಾಗಿ ಅಗೆದ ಮಣ್ಣಿನ ಗುಡ್ಡೆ ಹತ್ತಿರವಾಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.