ನಲವತ್ತೊಂದು ಡಿಗ್ರಿ

"ನಲವತ್ತೊಂದಾ?" ಕ್ಲಾಸ್ ಲೀಡರ್ ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ನಮ್ಮನೇಲಿ ಇಪ್ಪತ್ತೊಂಬತ್ತು. ಇಬ್ಬರದೂ ಒಂದೇ ಬೀದಿ ಕಣೇ! ನಿಮಗೇನು ಬೇರೆ ಸೂರ್ಯ ಇದಾನಾ?"

ನಾಲ್ಕನೇ ತರಗತಿ ಗೊಳ್ಳೆಂದು ನಕ್ಕಿತು. ಚಾರ್ಟಿನ ಮುಂದೆ ನಿಂತಿದ್ದ ಗುಂಡಿ ಎಂಬ ಹುಡುಗಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಇಸ್ತ್ರಿ ಅಂಗಡಿಯಲ್ಲಿ ಉದುರಿದ ಗುಂಡಿಗಳನ್ನೆಲ್ಲ ಡಬ್ಬಿಯಲ್ಲಿ ಕೂಡಿಡುತ್ತಾಳೆಂದು ಬಂದ ಹೆಸರು ಅದು, ಶಾಲೆಯವರೆಗೂ ಬೆನ್ನು ಹತ್ತಿತ್ತು. ಹವಾಮಾನದ ಪ್ರಾಜೆಕ್ಟಿನಲ್ಲಿ ಮಳೆ, ಗಾಳಿ, ಮೋಡ ಬೇರೆಯವರ ಪಾಲಾಗಿ, ಲೀಡರಿಗೂ ಗುಂಡಿಗೂ ಬೀದಿಯ ಸೆಖೆ ಉಳಿದಿತ್ತು. ಶಾಲೆಯ ಎರಡು ಥರ್ಮಾಮೀಟರುಗಳು ಇಬ್ಬರ ಕೈಗೂ ಬಂದಿದ್ದವು. ವಾರವಿಡೀ, ದಿನಾ ನಾಲ್ಕೂವರೆಗೆ, ಗುಂಡಿ ಒಂದು ದಿನವೂ ತಪ್ಪಿಸದೆ ಬರೆದಿದ್ದಳು.

"ಯಾಕೆ ಹೀಗೆ ಬಂತು ಅಂತ ಪತ್ತೆ ಮಾಡ್ಕೊಂಡು ಬಾ," ಎಂದರು ಮೇಷ್ಟ್ರು. "ನಾಳೆ ಚಾರ್ಟ್ ಗೋಡೆಗೆ ಅಂಟಿಸ್ಬೇಕು. ಕಾರಣ ಸಿಗದಿದ್ರೆ ನಿನ್ನ ಸಾಲು ಖಾಲಿ ಬಿಡೋಣ."

ಖಾಲಿ ಸಾಲು! ಅದರ ಪಕ್ಕದಲ್ಲಿ ಅವಳ ಹೆಸರು!

ಸಂಜೆ ಅಂಗಡಿಗೆ ಬಂದವಳೇ ಚೀಲ ಎಸೆದಳು. "ಎಲ್ಲಾ ನಿನ್ನಿಂದಲೇ ಅಪ್ಪ! ಥರ್ಮಾಮೀಟರ್ ಹೊರಗೆ ಹಾಕಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ, ಒಳಗೆ ಹಾಕು ಅಂದೆ."

"ನೆರಳಲ್ಲಿರ್ಬೇಕು ಅಂದ್ರಂತಲ್ಲ ನಿಮ್ಮ ಮೇಷ್ಟ್ರು? ಇದಕ್ಕಿಂತ ನೆರಳು ಬೇಕಾ?" ಎಂದ ಅಪ್ಪ, ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯೊಂದರ ತೋಳಿನ ಮೇಲೆ ಉಜ್ಜುತ್ತಾ. ಥರ್ಮಾಮೀಟರು ಅವನ ತಲೆಯ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

ಗುಂಡಿ ಅದನ್ನು ಬಿಚ್ಚಿಕೊಂಡು ಎದುರಿನ ಮರದಡಿ ಹೋಗಿ ಕುಳಿತಳು. ಕೆಂಪು ಗೆರೆ ನಿಧಾನವಾಗಿ ಇಳಿದು ಇಪ್ಪತ್ತೊಂಬತ್ತರಲ್ಲಿ ನಿಂತಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಓಡಿಬಂದು ಅದೇ ಮೊಳೆಗೆ ನೇತುಹಾಕಿದಳು. ಗೆರೆ ಮತ್ತೆ ಮೇಲೇರಿತು: ಮೂವತ್ತೈದು, ಮೂವತ್ತೆಂಟು, ನಲವತ್ತೊಂದು.

"ಪಾಪ, ಅದು ಸುಳ್ಳು ಹೇಳಿರ್ಲಿಲ್ಲ," ಎಂದು ಅಪ್ಪ ನಕ್ಕ. ಅವನ ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಅದು ದಿನಾ ಹಾಗೆಯೇ ಇರುತ್ತಿತ್ತು. ಇವತ್ತು ಅದು ಅವಳ ಕಣ್ಣಿಗೆ ಬಿತ್ತು.

"ನೀನು ದಿನಾ ಇಷ್ಟರಲ್ಲೇ ನಿಂತಿರ್ತೀಯಾ?"

"ಇನ್ನೆಲ್ಲಿ ನಿಲ್ಲಲಿ? ಅಭ್ಯಾಸ ಆಗ್ಬಿಟ್ಟಿದೆ ಬಿಡು."

ಮರುದಿನ ಲೀಡರ್ ರಬ್ಬರನ್ನು ಸಿದ್ಧವಾಗಿಟ್ಟುಕೊಂಡಿದ್ದಳು. "ಕಾರಣ ಸಿಕ್ತಲ್ಲ, ಅಳಿಸ್ಬಿಡು. ನನ್ನದನ್ನೇ ನೋಡ್ಕೊಂಡು ಬರಿ."

"ಅಳಿಸಲ್ಲ," ಎಂದಳು ಗುಂಡಿ. ತನ್ನ ಸಾಲಿನ ಮುಂದೆ 'ಬೀದಿ' ಎಂದಿದ್ದುದನ್ನು ಸ್ಕೇಲಿಟ್ಟು ಹೊಡೆದುಹಾಕಿ, 'ಅಪ್ಪ ನಿಲ್ಲುವ ಜಾಗ' ಎಂದು ಬರೆದಳು. ಏಳು ದಿನದ ಅಂಕಿಗಳು ಹಾಗೆಯೇ ಉಳಿದವು.

ಮೇಷ್ಟ್ರು ಓದಿದರು. ಗರಿಗರಿಯಾದ ತಮ್ಮ ಅಂಗಿಯ ತೋಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಗೋಂದು ತರಿಸಿದರು.

ಆ ಸಂಜೆ ಅಂಗಡಿಯ ಮೇಜು ಹೊಸ್ತಿಲಿನವರೆಗೆ ಸರಿದು ಬಂದಿತ್ತು. ಗೋಡೆಯಿಂದ ಕಿತ್ತ ಮೊಳೆಯನ್ನು ಅಪ್ಪ ಬಾಗಿಲ ಚೌಕಟ್ಟಿಗೆ ಹೊಡೆದು ಥರ್ಮಾಮೀಟರನ್ನು ಅಲ್ಲಿ ನೇತುಹಾಕಿದ್ದ.

"ಎಷ್ಟಿದೆ, ನೋಡು."

"ಮೂವತ್ತಾರು."

ಅಪ್ಪ ಹಣೆ ಒರೆಸಿಕೊಂಡು, ಮೇಜಿನ ಒಂದು ತುದಿ ಹಿಡಿದ. ಗುಂಡಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಬೀದಿಯ ಕಡೆಗೆ ಇನ್ನೊಂದು ಗೇಣು ಎಳೆದರು.